ಕಲ್ಲು ಮೇಷ್ಟ್ರ ಫಜೀತಿಗಳು

ಕಲ್ಲಿನ ಸಹವಾಸ ಮಾಡಿದವನಿಗೆ ಗಾಂಭೀರ್ಯ ತಾನಾಗಿ ಬರುತ್ತದೆ ಅಂತ ಜನ ತಿಳಿದಿದ್ದಾರೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಭೂಗರ್ಭಶಾಸ್ತ್ರದ ಪ್ರೊಫೆಸರಾಗಿ ಏಳೆಂಟು ದೇಶ ಸುತ್ತಿ ಬಂದೆ. ಅಲ್ಲೆಲ್ಲೂ ಆಗದ ಫಜೀತಿ ಜಯನಗರದ ನಮ್ಮ ಮನೆಯ ಸುತ್ತಮುತ್ತಲೇ ಆಗುತ್ತಿತ್ತು.

ಮೂರನೆಯ ಲಕ್ಷಣ

ಸ್ವಿಟ್ಜರ್ಲೆಂಡಿನಲ್ಲಿ ಒಂದು ವರ್ಷ ಇದ್ದು ಬಂದ ಮೇಲೆ ನನಗೊಂದು ಚಟ ಅಂಟಿಕೊಂಡಿತು. ಯಾವ ಪಾಠ ಶುರು ಮಾಡಿದರೂ ಹತ್ತು ನಿಮಿಷದಲ್ಲಿ ಆಲ್ಪ್ಸ್ ಪರ್ವತ ಹತ್ತಿಬಿಡುತ್ತಿದ್ದೆ. ವಿದ್ಯಾರ್ಥಿಗಳಿಗೂ ಅದು ಗೊತ್ತಾಗಿಹೋಯಿತು. ಪಾಠ ಕಷ್ಟವಾದ ದಿನ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸಾರ್, ಅಲ್ಲಿ ಚಳಿ ಹೇಗಿರುತ್ತೆ?" ಅಂತ ವಿನಯದಿಂದ ಕೇಳುತ್ತಿದ್ದ. ಅಲ್ಲಿಗೆ ಆವತ್ತಿನ ಪಾಠ ಮುಗಿದಂತೆ. ಹಿಮದ ಬಿರುಕಿಗೆ ನನ್ನ ಛತ್ರಿ ಬಿದ್ದುಹೋದ ಕಥೆಯನ್ನಂತೂ ಎಷ್ಟು ಸಲ ಹೇಳಿದೆನೋ.

ಆ ವರ್ಷ ಪರೀಕ್ಷೆಯಲ್ಲಿ ಆಲ್ಪ್ಸ್ ಬಗ್ಗೆಯೇ ಪ್ರಶ್ನೆ ಬಂತು. ಉತ್ತರಪತ್ರಿಕೆಗಳನ್ನು ನೋಡಿದ ಮದರಾಸಿನ ಪ್ರೊಫೆಸರರಿಂದ ನನಗೊಂದು ಕಾಗದ. ಹುಡುಗರು ಚೆನ್ನಾಗಿಯೇ ಬರೆದಿದ್ದಾರೆ, ಒಂದು ಸಂದೇಹ ಮಾತ್ರ ಉಳಿದಿದೆ ಅಂತ. ಏಳು ಜನ ಆಲ್ಪ್ಸಿನ ಮುಖ್ಯ ಲಕ್ಷಣಗಳು ಮೂರು ಅಂತ ಬರೆದಿದ್ದರಂತೆ. ಮಡಿಚಿಕೊಂಡ ಶಿಲಾಪದರಗಳು, ಹಿಮನದಿಗಳು, ನಮ್ಮ ಪ್ರೊಫೆಸರರ ಛತ್ರಿ.

ಪಾಪದ ಜನ

ಜರ್ಮನಿಯಲ್ಲಿ ಉಪನ್ಯಾಸ ಮಾಡಿ ಹಡಗಿನಲ್ಲಿ ವಾಪಸು ಬಂದೆ. ಮನೆಗೆ ಬಂದವರಿಗೆಲ್ಲ ಅದನ್ನು ವಿಸ್ತಾರವಾಗಿ ಹೇಳುತ್ತಿದ್ದೆ. ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮ ನಾಲ್ಕು ದಿನ ಸುಮ್ಮನೆ ಕೇಳಿ, ಐದನೆಯ ದಿನ ಬಾಯಿಬಿಟ್ಟರು.

"ಅಲ್ಲಿ ಏನು ಪಾಠ ಹೇಳಿಕೊಟ್ಟೆ?"

"ಕಲ್ಲಿನ ವಿಷಯ ಅಮ್ಮ."

ಅಮ್ಮ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು. "ಪಾಪ. ಆ ದೇಶದಲ್ಲಿ ಅದೂ ಇಲ್ಲವಾ?"

ಕವಲುಕಡ್ಡಿ

ಉತ್ತರಹಳ್ಳಿಯ ಗೌಡರೊಬ್ಬರು ಹೊಸದಾಗಿ ಹೊಲ ಕೊಂಡಿದ್ದರು. ಬಾವಿ ಎಲ್ಲಿ ತೋಡಿಸಬೇಕು ಅಂತ ಕೇಳಲು ಎತ್ತಿನ ಗಾಡಿಯನ್ನೇ ಕಳಿಸಿ ನನ್ನನ್ನು ಕರೆಸಿಕೊಂಡರು. ಹೊಲದಲ್ಲಿ ಆಗಲೇ ಇನ್ನೊಬ್ಬರು ಇದ್ದರು. ಕವಲುಕಡ್ಡಿ ಹಿಡಿದು ನೀರು ತೋರಿಸುವ ಮುದುಕರು. ನನಗೆ ಒಳಗೊಳಗೇ ನಗು ಬಂತು. ಸುತ್ತಿಗೆ, ದಿಕ್ಸೂಚಿ ಹಿಡಿದು ಬಿಸಿಲಲ್ಲಿ ಅರ್ಧ ದಿನ ಓಡಾಡಿದೆ. ಬಂಡೆಯ ಬಿರುಕು ಹೇಗೆ ಹೋಗುತ್ತದೆ ಅಂತ ಗೌಡರಿಗೆ ವಿವರಿಸಿ, ಈಶಾನ್ಯದ ಮೂಲೆಯಲ್ಲಿ ಗೂಟ ಹೊಡೆಸಿದೆ. ಮುದುಕರು ಕಡ್ಡಿ ಹಿಡಿದು ನೆಟ್ಟಗೆ ಹುಣಸೆಮರದ ಹತ್ತಿರ ಹೋಗಿ ನಿಂತರು. ಅವರ ಕಡ್ಡಿ ಬಾಗಿತು.

ಓದಿದವರು ಅನ್ನುವ ಗೌರವಕ್ಕೆ ಗೌಡರು ಮೊದಲು ನನ್ನ ಜಾಗದಲ್ಲೇ ತೋಡಿಸಿದರು. ಹದಿನೈದು ಅಡಿಗೆ ಹಾಸುಬಂಡೆ ಸಿಕ್ಕಿತು. ಹುಣಸೆಮರದ ಹತ್ತಿರ ಇಪ್ಪತ್ತು ಅಡಿಗೆ ನೀರು ಉಕ್ಕಿತು. ನಾಚಿಕೆ ನುಂಗಿಕೊಂಡು ಮುದುಕರನ್ನು ಪಕ್ಕಕ್ಕೆ ಕರೆದು, ನಿಮಗೆ ಹೇಗೆ ತಿಳಿಯಿತು ಅಂತ ಕೇಳಿದೆ.

"ನಮ್ ತಾತನ ಕಾಲ್ದಲ್ಲಿ ಅಲ್ಲೇ ಒಂದು ಬಾವಿ ಇತ್ತು ಸ್ವಾಮಿ. ಮುಚ್ಚೋಗಿತ್ತು."

"ಮತ್ತೆ ಈ ಕಡ್ಡಿ ಯಾಕೆ?"

"ಬರೀ ಕೈಲಿ ಹೋದ್ರೆ ಯಾರು ನಂಬ್ತಾರೆ? ನಿಮಗೆ ಸುತ್ತಿಗೆ ಇದ್ದಂಗೆ."

ನಾರ್ವೆಯ ಕಲ್ಲು

ನಾರ್ವೆಯ ಹಿರಿಯ ವಿದ್ವಾಂಸರೊಬ್ಬರು ನಮ್ಮ ಇಲಾಖೆಗೆಂದು ಅಪರೂಪದ ಕಪ್ಪು ಶಿಲೆಯೊಂದನ್ನು ಕೊಟ್ಟಿದ್ದರು. ಅದಕ್ಕೆ ಅಡ್ಡಲಾಗಿ ಬಿಳಿ ಬಣ್ಣದ ಪಟ್ಟೆ ಬಳಿದು, ಮೇಲೆ ನಂಬರು ಬರೆದು, ಮನೆಯ ಜಗಲಿಯ ಮೇಲಿಟ್ಟು ಮೂರು ವಾರ ಕ್ಯಾಂಪಿಗೆ ಹೋದೆ. ಹಬ್ಬಕ್ಕೆ ಜಗಲಿ ತೊಳೆಯುವಾಗ ನನ್ನ ಹೆಂಡತಿ ಕಲ್ಲನ್ನು ಎದುರಿನ ಅರಳಿಮರದ ಬುಡದಲ್ಲಿಟ್ಟು ಮರೆತಿದ್ದಾಳೆ. ನಾನು ವಾಪಸು ಬರುವ ಹೊತ್ತಿಗೆ ಬಿಳಿ ಪಟ್ಟೆ ವಿಭೂತಿಯಾಗಿತ್ತು. ನಂಬರಿನ ಮೇಲೆ ಕುಂಕುಮ, ಮುಂದೆ ಬಾಳೆಹಣ್ಣು. ಎತ್ತಿಕೊಳ್ಳಲು ಬಗ್ಗಿದೆ. ಪಕ್ಕದ ಮನೆಯ ಅಜ್ಜಿ ಗಂಟೆ ಬಾರಿಸುವುದನ್ನು ನಿಲ್ಲಿಸಿ, "ಚಪ್ಪಲಿ ಬಿಟ್ಟು ಬನ್ನಿ ಮೇಷ್ಟ್ರೇ" ಅಂದರು. ಚಪ್ಪಲಿ ಬಿಟ್ಟೆ, ಕೈಮುಗಿದೆ, ಬರಿಗೈಯಲ್ಲಿ ಮನೆಗೆ ಬಂದೆ.

ಮರುವರ್ಷ ನಾರ್ವೆಯವರೇ ಬೆಂಗಳೂರಿಗೆ ಬಂದು, ಬಂದವರೇ ಕಲ್ಲೆಲ್ಲಿ ಅಂದರು. ಬೇರೆ ದಾರಿಯಿಲ್ಲದೆ ಮರದ ಹತ್ತಿರ ಕರೆದುಕೊಂಡು ಹೋದೆ. ಅವರು ಬೆರಗಾಗಿ ನೋಡಿದರು. ಆಮೇಲೆ, ತಮ್ಮಲ್ಲಿ ಉಳಿದ ತುಂಡು ಕಳೆದುಹೋಗಿದೆ, ಇದರಲ್ಲಿ ಒಂದು ಚಕ್ಕೆ ಒಡೆದುಕೊಳ್ಳಲೇ ಅಂತ ಚೀಲಕ್ಕೆ ಕೈಹಾಕಿ ಸುತ್ತಿಗೆ ತೆಗೆದರು. ಅವರೇನು ಕೇಳ್ತಿದ್ದಾರೆ ಅಂತ, ಆವತ್ತೂ ಪೂಜೆಗೆ ಬಂದಿದ್ದ ಅಜ್ಜಿ ವಿಚಾರಿಸಿದರು. ಇದನ್ನು ಕೊಟ್ಟವರು ಇವರೇ, ಒಂದು ಚೂರು ವಾಪಸು ಬೇಕಂತೆ ಅಂತ ಹೇಳಿದೆ.

"ಕೊಟ್ಟ ದೇವರನ್ನ ವಾಪಸ್ ಕೇಳ್ತಾರಾ? ತೀರ್ಥ ತಗೊಂಡು ಹೋಗಕ್ಕೆ ಹೇಳಿ."

ಅವರು ಸುತ್ತಿಗೆ ಒಳಗಿಟ್ಟು ಭಕ್ತಿಯಿಂದ ತೀರ್ಥ ತಗೊಂಡರು.

ಸಂಜೆ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಸನ್ಮಾನ. ಭಾಷಣದಲ್ಲಿ ಅವರು, ಎಷ್ಟೋ ದೇಶಗಳಿಗೆ ಕಲ್ಲು ಕೊಟ್ಟಿದ್ದೇನೆ, ಅದನ್ನು ಇಷ್ಟು ಜೋಪಾನ ಮಾಡಿದ ಇಲಾಖೆ ಇನ್ನೊಂದಿಲ್ಲ ಅಂದರು. ಕುಲಪತಿಗಳು ಸಂತೋಷದಿಂದ ನನ್ನ ಬೆನ್ನು ತಟ್ಟಿ, ನಾಳೆ ತಾವೇ ಬಂದು ಅದನ್ನು ನೋಡುವುದಾಗಿ ಹೇಳಿದರು.

"ಖಂಡಿತ ಬನ್ನಿ ಸಾರ್," ಅಂದೆ. "ಆದ್ರೆ ಸ್ನಾನ ಮಾಡ್ಕೊಂಡು ಬರಬೇಕು."