ಪ್ರಶ್ನೆಯಾಗಿ ಮುಟ್ಟಿದ ಕ್ಷಮಾಪಣೆ

ಆ ಹೂವಿನಂಗಡಿಯ ವೆಬ್‌ಸೈಟು ತನ್ನ ಸಂಸಾರಕ್ಕೆ ಕಲ್ಲು ಹಾಕಿತೆಂಬ ಸಿಟ್ಟು ಕಿಡಿಯಣ್ಣನಿಗೆ ಇವತ್ತಿಗೂ ಆರಿಲ್ಲ. (ಗೇಟು ಬೆಸೆಯುವ ಕೆಲಸದಿಂದ ಈ ಅಡ್ಡಹೆಸರು ಬಂತೆಂದು ಅವನು ಹೇಳುತ್ತಾನೆ. ಹೆಂಡತಿಯನ್ನು ಕೇಳಿದರೆ ಬೇರೆ ಕಾರಣ ಹೇಳುತ್ತಾಳೆ.)

ಆದದ್ದಿಷ್ಟೆ. ಅಳತೆ ಟೇಪು ಕಾಣಲಿಲ್ಲವೆಂದು ಅವನು ಹೆಂಡತಿಯ ಮೇಲೆ, ಅವಳ ಅಕ್ಕನ ಎದುರಿಗೇ, ಹರಿಹಾಯ್ದ. ಟೇಪು ಅವನದೇ ಪ್ಯಾಂಟಿನ ಹಿಂದಿನ ಜೇಬಿನಲ್ಲಿತ್ತು. ಹೆಂಡತಿ ಅಕ್ಕನ ಜೊತೆ ಅವಳ ಮನೆಗೆ ಹೊರಟುಹೋದಳು. "ತಪ್ಪಾಯ್ತು ಅಂತ ಒಂದು ಮಾತು ಹೇಳಲಿ, ಬರ್ತೀನಿ" ಎಂದು ಅಕ್ಕನ ಬಾಯಲ್ಲಿ ಹೇಳಿಸಿದಳು.

ಕಬ್ಬಿಣ ಬಗ್ಗಿಸುವವನಿಗೆ ನಾಲಗೆ ಬಗ್ಗಲಿಲ್ಲ. ಬೆರಳಾದರೂ ಬಗ್ಗೀತೆಂದು ಫೋನು ಹಿಡಿದು, ಹೂಗುಚ್ಛದ ಜೊತೆ ಚೀಟಿಯನ್ನೂ ಮುಟ್ಟಿಸುವ ಅಂಗಡಿಯ ವೆಬ್‌ಸೈಟು ತೆರೆದ. ಚೀಟಿಯ ಚೌಕದೊಳಗೆ ಅಚ್ಚಗನ್ನಡದಲ್ಲಿ ತನ್ನ ಕ್ಷಮಾಪಣಾ ಮಹಾಕಾವ್ಯವನ್ನು ಕುಟ್ಟಿದ: 'ತಪ್ಪು ನಂದೇ ಕಣೇ. ನೀನಿಲ್ಲದ ಮನೆ ಅಗುಳಿಯಿಲ್ಲದ ಗೇಟು. ಬಾ.'

ಸರಿಯಿದೆಯೇ ನೋಡಿಕೊಳ್ಳಿ ಎಂದು ಮುಂದಿನ ಪುಟ ತೋರಿಸಿದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಪಾಸ್‌ವರ್ಡ್ ಹೊಡೆದರೆ ಚುಕ್ಕಿ ಬರುವುದಿಲ್ಲವೇ, ಹಾಗೇ ಗಂಡಹೆಂಡಿರ ಗುಟ್ಟನ್ನು ಮರೆಮಾಡಿದೆ ಎಂದುಕೊಂಡ. 'ಎಂಥಾ ಮರ್ಯಾದಸ್ಥ ಯಂತ್ರ!' ಎಂದು ಮೆಚ್ಚಿ ಕಳಿಸಿಯೇ ಬಿಟ್ಟ.

ಸಂಜೆಗೆ ಹೆಂಡತಿ ಹೂಗುಚ್ಛ ಹಿಡಿದು ಬಾಗಿಲಲ್ಲಿ ನಿಂತಳು. ಇವನ ಮುಖವೂ ಅರಳಿತು.

"ಏನ್ರೀ ಇದು? ಟವೆಲ್ ಎಲ್ಲಿ, ಬೀಗದಕೈ ಎಲ್ಲಿ ಅಂತ ಮನೇಲಿ ಕೇಳೋದು ಸಾಲ್ದೂಂತ ಅಕ್ಕನ ಮನೆಗೂ ಪ್ರಶ್ನೆ ಕಳಿಸಿದ್ದೀರಾ? ಭಾವ ನಕ್ಕೂ ನಕ್ಕೂ ಸುಸ್ತಾದ್ರು!"

ಚೀಟಿ ನೋಡಿದ ಕಿಡಿಯಣ್ಣ ಕೆಂಡವಾದ. ಅಂಗಡಿಗೆ ಫೋನು ಹಚ್ಚಿ, ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ನನ್ನ ಮಾತನ್ನೆಲ್ಲ ನುಂಗಿ ನೀರು ಕುಡಿದಿದ್ದೀಯಲ್ಲಯ್ಯ!"

"ತಪ್ಪು ನಮ್ದೇ ಯಜಮಾನ್ರೇ. ನಮ್ಮ ಫಾರಂಗೆ ಇಂಗ್ಲಿಷ್ ಅಕ್ಷರ ಬಿಟ್ರೆ ಬೇರೇದು ಜೀರ್ಣ ಆಗಲ್ಲ. ಆಗದ್ದಕ್ಕೆಲ್ಲ ಪ್ರಶ್ನೆ ಚಿಹ್ನೆ ಹಾಕಿಬಿಡುತ್ತೆ. ಕ್ಷಮಿಸ್ಬೇಕು."

"ಇನ್ನೊಂದ್ಸಲ ಹೇಳು!"

"ಕ್ಷಮಿಸ್ಬೇಕು ಯಜಮಾನ್ರೇ."

ಕೋಟೆ ಗೆದ್ದವನ ಗತ್ತಿನಲ್ಲಿ ಫೋನಿಟ್ಟ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

"ಮುಖ ನೋಡದ ಮನುಷ್ಯ ಎರಡು ಸಲ ಹೇಳ್ದ, ಹಲ್ಲೇನೂ ಉದುರಲಿಲ್ಲ. ಚೀಟೀಲಿ ಏನು ಬರ್ದಿದ್ರೋ ಬಾಯಲ್ಲಿ ಹೇಳಿ ನೋಡೋಣ."

ಕಿಡಿಯಣ್ಣ ಗಂಟಲು ಸರಿಮಾಡಿಕೊಂಡ. "ತಪ್... ತಪ್... ತಟ್ಟೆ ಹಾಕ್ತೀಯಾ?"

ಹಾಕಿದಳು. ಅದರಲ್ಲಿ ಆ ಚೀಟಿಯನ್ನು ಬಡಿಸಿದಳು.

ಹೂವಿನಂಗಡಿಯವನ ಲೆಕ್ಕ ಅವತ್ತೇ ಚುಕ್ತಾ. ಕಿಡಿಯಣ್ಣನದು ಇನ್ನೂ ಬಾಕಿ.