ತೂಕ್ಕು, ತೂಗು

ಮದರಾಸಿನಲ್ಲಿ ಹುಟ್ಟಿ ಬೆಳೆದ ನಾನು ಚಳಿಗೆ ಹೆದರುತ್ತೇನೆಂದರೆ ನೀವು ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಉಳಿದವರೆಲ್ಲ ಹೆದರುವುದು ಮೇ ತಿಂಗಳಿಗೆ. ನನಗೆ ಮೇ ತಿಂಗಳೆಂದರೆ ಹೇಳಿ ಕೇಳಿ ಬರುವ ನೆಂಟ. ಬೆವರುತ್ತೇವೆ, ಬೈದುಕೊಳ್ಳುತ್ತೇವೆ, ನೀರುಮಜ್ಜಿಗೆ ಕುಡಿಯುತ್ತೇವೆ, ಅಷ್ಟರಲ್ಲಿ ಅವನೂ ಹೊರಟುಹೋಗುತ್ತಾನೆ. ಆದರೆ ದೀಪಾವಳಿಯ ಹೊತ್ತಿನ ಐಪ್ಪಸಿ ಮಳೆ ಹೊಡೆದು ನಿಂತು, ಮಾರ್ಗಳಿಯ, ಅಂದರೆ ಧನುರ್ಮಾಸದ, ಇಬ್ಬನಿ ಬೀಳುವ ತನಕ ಗಾಳಿ ಒಂದು ಥರ ತಣ್ಣಗಾಗುತ್ತದಲ್ಲ, ಆ ದಿನಗಳು ಬಂದರೆ ನನ್ನ ಕೈಕಾಲು ಆಡುವುದಿಲ್ಲ. ಟ್ರಂಕಿನ ತಳದಿಂದ ಕಂದು ಮಫ್ಲರು ಹೊರಗೆ ಬರುತ್ತದೆ. ಕಿವಿ ಮುಚ್ಚಿ, ಗದ್ದದ ಕೆಳಗೆ ಗಂಟು ಹಾಕಿಕೊಂಡೇ ನಾನು ಬಾಗಿಲಿಗೆ ಬಂದ ಹಸುವಿನ ಮುಂದೆ ಹಾಲಿನ ಚೊಂಬು ಹಿಡಿದು ನಿಲ್ಲುವುದು. ಹಸು ಕೂಡ ನನ್ನನ್ನು ಒಂದು ಸಲ ತಿರುಗಿ ನೋಡುತ್ತದೆ.

ನನ್ನ ಹೆಂಡತಿ ಗೋದಾವರಿ ಧಾರವಾಡದವಳು. ನಿಜವಾದ ಚಳಿ ಕಂಡವಳು. ಮದುವೆಯಾಗಿ ತಿರುವಲ್ಲಿಕ್ಕೇಣಿಯ ನಮ್ಮ ಬಾಡಿಗೆ ಮನೆಗೆ ಬಂದ ಮೊದಲ ಮಾರ್ಗಳಿಯಲ್ಲಿ ನನ್ನ ವೇಷ ನೋಡಿ, "ಇದಕ್ಕ ಚಳಿ ಅಂತಾರೇನ್ರೀ? ನಮ್ಮ ಕಡೆ ಇಂಥಾದಕ್ಕ ಬ್ಯಾಸಗಿ ಅಂತಾರ!" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಊರಿನಲ್ಲಿ ಟ್ರಾಮುಗಳು ಓಡುವುದು ನಿಂತ ಹೊಸತು ಅದು. ಆಗ ಅವಳು ಬಹಳ ನಗುತ್ತಿದ್ದಳು.

ನಮಗೊಂದು ಹೆಣ್ಣುಮಗುವಾಯಿತು. ಸುಧಾ ಎಂದು ಹೆಸರಿಟ್ಟೆವು. ನಡುಮನೆಯ ತೊಲೆಯಲ್ಲಿ ಯಾವ ಕಾಲದ್ದೋ ಒಂದು ಕಬ್ಬಿಣದ ಕೊಂಡಿಯಿತ್ತು. ಅದಕ್ಕೆ ತೊಟ್ಟಿಲು ಕಟ್ಟಿದೆವು. ಗೋದಾವರಿ ಎಡಗೈಯಲ್ಲಿ ಅವರೆಕಾಯಿ ಬಿಡಿಸುತ್ತ, ಬಲಗೈಯಲ್ಲಿ ತೂಗುತ್ತ ಕೂರುತ್ತಿದ್ದಳು. ಮಗು ಇನ್ನೇನು ಗೋಡೆ ಹಿಡಿದು ನಿಲ್ಲಬೇಕು ಅನ್ನುವಾಗ ಐಪ್ಪಸಿ ಮಳೆ ಬಂತು. ಮಳೆಯ ಜೊತೆಗೆ ಜ್ವರ ಬಂತು. ಮಳೆ ನಿಲ್ಲುವ ಮೊದಲೇ ಸುಧಾ ಹೋಗಿಬಿಟ್ಟಳು. ನನ್ನ ತಾಯಿ ತೊಟ್ಟಿಲನ್ನು ಬಿಚ್ಚಿ ಯಾರಿಗೋ ಕೊಟ್ಟರು. ಕೊಂಡಿ ಮಾತ್ರ ತೊಲೆಯಲ್ಲೇ ಉಳಿಯಿತು. ಗೋದಾವರಿ ಅಳಲಿಲ್ಲ. ಬಂದವರೆಲ್ಲ "ಗಟ್ಟಿ ಹೆಂಗಸು" ಎಂದು ಹೊಗಳಿ ಕಾಫಿ ಕುಡಿದು ಹೋದರು. ಮಗುವಿನ ಹೆಸರು ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ನಾನಂತೂ ಮೊದಲಿನಿಂದಲೂ ಎದೆ ಭಾರವಾದಾಗ ಹಾಸ್ಯ ಮಾಡುವ ಪ್ರಾಣಿ. ಆ ವರ್ಷ ನಾನು ಮಾಡಿದಷ್ಟು ಹಾಸ್ಯ ಯಾವ ವರ್ಷವೂ ಮಾಡಿಲ್ಲ.

ಮರುವರ್ಷ ಅದೇ ಮಳೆ ಬಂತು, ಅದೇ ಗಾಳಿ ಬೀಸಿತು. ಗೋದಾವರಿಯ ಬಲಭುಜ ಹಿಡಿದುಕೊಂಡಿತು. ಕೈ ಸೊಂಟದಿಂದ ಮೇಲಕ್ಕೆ ಏಳಲೊಲ್ಲದು. ನನ್ನ ತಾಯಿ "ಶೀತಗಾಳಿ ಕಣೋ" ಎಂದು ಎಣ್ಣೆ ತಿಕ್ಕಿದರು, ಉಪ್ಪಿನ ಶಾಖ ಕೊಟ್ಟರು. ಕೊನೆಗೆ ಡಾಕ್ಟರು ನೋಡಿ, ಹವೆ ಬದಲಾದಾಗ ಹೀಗೆ ಬಿಗಿಯುವುದುಂಟು, ಇದು ಫ್ರೋಜನ್ ಶೋಲ್ಡರು ಎಂದರು. ತೆಂಗಿನೆಣ್ಣೆಯೇ ನೆಟ್ಟಗೆ ಹೆಪ್ಪುಗಟ್ಟದ ಊರಿನಲ್ಲಿ ನನ್ನ ಹೆಂಡತಿಯ ಭುಜ ಹೆಪ್ಪುಗಟ್ಟಿತ್ತು! ಈ ಹಾಸ್ಯವನ್ನು ಆಫೀಸಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ.

ಮನೆಯಲ್ಲಿ ಮಾತ್ರ ನಗುವ ಹಾಗಿರಲಿಲ್ಲ. ಅವಳ ತಲೆ ಬಾಚುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಯ ಕೈಯಲ್ಲಿ ತಲೆ ಬಾಚಿಸಿಕೊಳ್ಳಲು ಅವಳಿಗೆ ಸಂಕೋಚ. ಮೂರು ಎಳೆ ಕೂದಲಲ್ಲಿ ಯಾವುದು ಯಾವುದರ ಮೇಲೆ ಹೋಗಬೇಕೆಂಬುದು ನನಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ. "ಜಡಿ ಹೆಣೀತೀರೋ, ಚಾಪಿ ಹೆಣೀತೀರೋ?" ಎಂದು ಅವಳು ಕೇಳುತ್ತಿದ್ದಳು. ಹೇಗೆ ಹೆಣೆದರೂ ಆಫೀಸಿಗೆ ಹೊರಡುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು.

ಡಾಕ್ಟರು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಆಗ ಅದು ನಮ್ಮ ಕಿವಿಗೆ ಹೊಸ ಮಾತು. ಗೋದಾವರಿಯ ಬಾಯಲ್ಲಿ ಅದು 'ಬಿಸಿಯೋ ತೆರಪಿ' ಆಯಿತು. "ಬಿಸಿಯೋ, ತಣ್ಣಗೋ, ಏನರೆ ಮಾಡ್ಲಿ, ಕೈ ಒಂದು ಎದ್ದರ ಸಾಕು" ಎಂದಳು. ಹೋಗಿ ನೋಡಿದರೆ ಅವಳು ಅಂದದ್ದೇ ನಿಜ. ಆಸ್ಪತ್ರೆಯ ಆ ಕೋಣೆಯಲ್ಲಿ ಕೆಂಪು ದೀಪದಿಂದ ಭುಜಕ್ಕೆ ಬಿಸಿ ಕೊಡುವುದೇ ಮೊದಲ ಕೆಲಸ. ಕೋಣೆಯ ಒಡತಿ ರೂತ್ ಅಮ್ಮ, ಬಿಳಿ ಕೋಟು ಹಾಕಿದ, ಗಂಟಲು ದೊಡ್ಡದಾದ ತಮಿಳು ಹೆಂಗಸು. ಅವರಿಗೆ ಕನ್ನಡ ಬಾರದು, ಗೋದಾವರಿಗೆ ತಮಿಳು ಅಷ್ಟಕ್ಕಷ್ಟೆ.

"ತೂಕ್ಕಂ ಎಪ್ಪಡಿ?" ಎಂದು ಮೊದಲು ಕೇಳಿದರು. ನಿದ್ದೆ ಹೇಗೆ ಬರುತ್ತದೆ ಎಂದು ಅದರ ಅರ್ಥ. ಗೋದಾವರಿ ಗಂಭೀರವಾಗಿ, "ತೂಕ ನೋಡಿಸಿಲ್ಲರೀ" ಎಂದಳು. ಅದೇನೋ ಒಪ್ಪಿಗೆಯ ಮಾತೆಂದುಕೊಂಡು ರೂತ್ ಅಮ್ಮ ತಲೆದೂಗಿ, ದೀಪ ಸರಿಸಿ, "ಇಪ್ಪೊ ಕೈಯೆ ತೂಕ್ಕುಂಗಮ್ಮಾ!" ಎಂದರು. ತಮಿಳಿನ ತೂಕ್ಕು ಎಂದರೆ ಮೇಲಕ್ಕೆ ಎತ್ತು. ಆದರೆ ಧಾರವಾಡದ ಕಿವಿಗೆ ಕೇಳಿಸಿದ್ದು ತೂಗು. ಗೋದಾವರಿ ಸ್ವಲ್ಪ ಬಾಗಿ, ಜೋತುಬಿದ್ದ ಬಲಗೈಯನ್ನು ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ತೂಗತೊಡಗಿದಳು.

"ಅಯ್ಯೋ, ಆಟ್ಟಾದೀಂಗ! ತೂಕ್ಕುಂಗ! ತೂಕ್ಕುಂಗ!" ಆಡಿಸಬೇಡಿ ಎಂದು ರೂತ್ ಅಮ್ಮ ಕೂಗಿದರು.

"ತೂಗಲಿಕ್ಕೆ ಹತ್ತೀನಲ್ಲರೀ! ಇನ್ನೂ ಎಷ್ಟು ತೂಗ್ಲಿ?"

ಎರಡು ಭಾಷೆಯನ್ನೂ ಅರೆದು ಕುಡಿದ ನಾನು ಪಕ್ಕದಲ್ಲೇ ಇದ್ದೆನಲ್ಲ, ನಡುವೆ ನುಗ್ಗಿದೆ. "ತೂಗೋದಲ್ಲ ಗೋದೂ, ಎತ್ತು! ಎತ್ತು!" ಎಂದು ಕೂಗಿದೆ. ರೂತ್ ಅಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಮದರಾಸಿನ ಆಡುಮಾತಿನಲ್ಲಿ ಎತ್ತು ಎಂದರೆ ಒದೆ ಎಂದರ್ಥ. "ಎನ್ನ ಸಾರ್, ಎನ್ನೆ ಎತ್ತ ಸೊಲ್ರೀಂಗಳಾ?" ನನ್ನನ್ನೇ ಒದೆಯಲು ಹೇಳುತ್ತೀರಾ ಎಂದು ಕೇಳಿ, ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಬೆಂಚಿನ ಮೇಲೆ ಕೂತಿದ್ದ ರೋಗಿಗಳೂ ನಕ್ಕರು.

ಗೋದಾವರಿ ನಗಲಿಲ್ಲ. ಅವಳ ಕೈ ಇನ್ನೂ ತೂಗುತ್ತಲೇ ಇತ್ತು. ಅವಳು ನೆಲ ನೋಡುತ್ತಿದ್ದಳು, ತುಟಿ ಮಾತ್ರ ಆಡುತ್ತಿತ್ತು. ಹತ್ತಿರ ಹೋಗಿ ಕೇಳಿದರೆ, ಜೋ ಜೋ ಅನ್ನುತ್ತಿದ್ದಳು.

"ಸುಧಾನ್ನ ಇದೇ ಕೈಲೆ ತೂಗ್ತಿದ್ದೆರೀ" ಎಂದಳು. ಒಂದು ವರ್ಷದ ಮೇಲೆ ಆ ಹೆಸರು ಆಗ ಬಂತು. ಅದರ ಹಿಂದೆಯೇ ಅಳು ಬಂತು. ಆ ಕೋಣೆಯಲ್ಲಿ, ಅಷ್ಟು ಜನರೆದುರು, ಗಟ್ಟಿ ಹೆಂಗಸು ಎನಿಸಿಕೊಂಡವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಬಾಯಿಗೆ ಬಂದ ಹಾಸ್ಯವನ್ನೆಲ್ಲ ನುಂಗಿಕೊಂಡು ನಿಂತೆ. ರೂತ್ ಅಮ್ಮನಿಗೆ ಮಾತು ತಿಳಿಯಲಿಲ್ಲ, ಕೈ ನೋಡಿ ಎಲ್ಲ ತಿಳಿಯಿತು. ಅವಳ ಬೆನ್ನ ಮೇಲೆ ಕೈಯಿಟ್ಟು, "ಸರಿ ಕಣ್ಣು, ಆಟ್ಟು. ಅದುವುಂ ನಲ್ಲದುದಾನ್" ಎಂದರು. ತೂಗು ತಾಯಿ, ಅದೂ ಒಳ್ಳೆಯದೇ ಎಂದು.

ಹೊರಡುವಾಗ ಮನೆಯಲ್ಲಿ ಮಾಡಲು ಒಂದು ವ್ಯಾಯಾಮ ಹೇಳಿಕೊಟ್ಟರು. ಮೇಲೆ ಒಂದು ರಾಟೆ ಕಟ್ಟಿ, ಹಗ್ಗ ಇಳಿಬಿಟ್ಟು, ಒಳ್ಳೆಯ ಕೈಯಿಂದ ಎಳೆದು ನೋವಿನ ಕೈಯನ್ನು ಮೇಲಕ್ಕೆತ್ತಬೇಕು. "ವೀಟ್ಟುಲೆ ಕೊಕ್ಕಿ ಇರುಕ್ಕಾ?" ಎಂದು ಕೇಳಿದರು. ನಮ್ಮ ಮನೆಯಲ್ಲಿದ್ದದ್ದು ಒಂದೇ ಕೊಂಡಿ. ನಾನು ಥಟ್ಟನೆ "ಇಲ್ಲೈ" ಎಂದೆ.

"ಅದ ಅದ" ಎಂದಳು ಗೋದಾವರಿ, ಕಣ್ಣೊರೆಸಿಕೊಳ್ಳುತ್ತ. "ನಡುಮನ್ಯಾಗ ಅದ."

ಸಂಜೆಯೇ ಸ್ಟೂಲು ಹತ್ತಿ ನಾನು ರಾಟೆ ಕಟ್ಟಿದೆ. ನನ್ನ ತಾಯಿ ನೋಡಲಾರದೆ ಅಡಿಗೆಮನೆಗೆ ಹೋದರು. ತೊಟ್ಟಿಲಿದ್ದ ಜಾಗದ ಕೆಳಗೆ ಕೂತು ಗೋದಾವರಿ ಮೊದಲು ಕೈ ತೂಗುವಳು, ಆಮೇಲೆ ಹಗ್ಗ ಎಳೆಯುವಳು. ಕೈ ಎದೆಯ ತನಕ ಬಂತು, ಕಿವಿಯ ತನಕ ಬಂತು. ಶಿವರಾತ್ರಿಯ ಹೊತ್ತಿಗೆ ತನ್ನ ಜಡೆ ತಾನೇ ಹೆಣೆದುಕೊಂಡಳು, ನನ್ನ ಉದ್ಯೋಗ ಹೋಯಿತು. ಆ ಕೊಂಡಿಗೆ ಮತ್ತೆ ತೊಟ್ಟಿಲು ಬರಲಿಲ್ಲ. ಪ್ರತಿ ವರ್ಷ ಐಪ್ಪಸಿಯಲ್ಲಿ ಅವಳ ಭುಜ ಒಂದಿಷ್ಟು ಬಿಗಿಯುತ್ತದೆ, ಟ್ರಂಕಿನಿಂದ ನನ್ನ ಮಫ್ಲರಿನ ಜೊತೆ ಅವಳ ಹಗ್ಗವೂ ಹೊರಬರುತ್ತದೆ.

ಈ ವರ್ಷ ಮಳೆ ನಿಂತ ಮೇಲೆ ಹಿಡಿದುಕೊಂಡದ್ದು ನನ್ನ ಭುಜ. ಅಂಗಿ ತೊಡಿಸಲೂ ಅವಳೇ ಬೇಕು. ಇವತ್ತು ಬೆಳಿಗ್ಗೆ ನನ್ನನ್ನು ಕೊಂಡಿಯ ಕೆಳಗೆ ನಿಲ್ಲಿಸಿ, "ತೂಗ್ರಿ" ಎಂದಳು.

"ತೂಗೋದಲ್ಲ ಕಣೇ, ಎತ್ತೋದು. ಇನ್ನೂ ತಮಿಳು ಬರಲಿಲ್ಲವಲ್ಲ ನಿನಗೆ!" ಎಂದೆ.

"ಮೊದಲ ತೂಗ್ರಿ. ಎತ್ತೂದು ತಾನಾಗೇ ಬರ್ತದ" ಎಂದಳು. ನಗದೆಯೇ ಹೇಳಿದಳು.

ಬಾಗಿ, ಕೈ ಇಳಿಬಿಟ್ಟು, ತೂಗಿದೆ. ಒಂದು ಸಲ, ಎರಡು ಸಲ. ನನಗಂತೂ ತಮಿಳು ಚೆನ್ನಾಗಿ ಬರುತ್ತದೆ. ತೂಕ್ಕು ಯಾವುದು, ತೂಗು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನನ್ನ ಬಾಯಿಂದ ಜೋ ಜೋ ಎಂದು ಬಂದುಬಿಟ್ಟಿತು. ಆಮೇಲೆ ಮುಖವನ್ನೆಲ್ಲ ಮಫ್ಲರಿನಲ್ಲಿ ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ನಿಂತಿದ್ದೆ. ಗೋದಾವರಿ ನೋಡಿದಳು. ಮದರಾಸಿನ ಚಳಿಗೆ ಮಫ್ಲರು ಬೇಕೇ ಬೇಕು ಎಂದು ನಾನು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದೇನೆ.