ಎರಡನೇ ಆಲ್ಬಮ್ಮಿನ ಲಿಲಾವು

ಹುಬ್ಬಳ್ಳಿಯ ಅಮರಗೋಳ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿಯ ಲಿಲಾವು, ಅಂದರೆ ಈರುಳ್ಳಿಯ ಹರಾಜು, ಕೂಗುವವನು ನಾನು. ಉಸಿರು ಬಿಡದೆ ರೇಟು ಕೂಗುವವನಿಗೆ ರ‍್ಯಾಪ್ ಹಾಡುವುದು ಯಾವ ದೊಡ್ಡ ಮಾತು ಎಂದುಕೊಂಡೆ. ಹಾಗೆಂದುಕೊಂಡಾಗ ನಾನು ಪೂರ್ಣ ಎಚ್ಚರದಲ್ಲಿದ್ದೆ ಎಂಬುದನ್ನು ಇಲ್ಲಿ ದಾಖಲಿಸಬೇಕು.

ರ‍್ಯಾಪ್ ನನ್ನ ಅಕ್ಕನ ಮಗ ಮಂಜುವಿನದು. ಅವನ ಮೊದಲ ಆಲ್ಬಮ್ಮನ್ನು ಅಕ್ಕ ಒಬ್ಬಳೇ ಕೇಳಿದ್ದಳು. ಅದೂ ರೊಟ್ಟಿ ಬಡಿಯುತ್ತ. ಎರಡನೆಯದೂ ಬಿದ್ದರೆ ಹಾಡು ಬಿಟ್ಟು ಅಂಗಡಿಯಲ್ಲಿ ಕೂಡಬೇಕೆಂದು ಅವನ ಅಪ್ಪ, ಅಂದರೆ ಉಳ್ಳಾಗಡ್ಡಿ ವ್ಯಾಪಾರಿಯಾದ ನಮ್ಮ ಭಾವ, ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಮಂಜು ಧಾರವಾಡದ ಸ್ಟುಡಿಯೋಕ್ಕೇ ಹೋಗಿ ಅದನ್ನು ಮಾಡಿದ. ಪೋಸ್ಟರಿನ ಮೇಲೆ ‘ದಕ್ಷಿಣದ ರ‍್ಯಾಪರ್’ ಎಂದು ಬರೆಸಿದ.

ನನ್ನ ಹೆಂಡತಿ ಅದನ್ನು ಓದಿ, “ಹುಬ್ಬಳ್ಳಿ ಯಾವಾಗ ದಕ್ಷಿಣಕ್ಕ ಹೋತ್ರಿ?” ಎಂದು ಕೇಳಿದಳು. ಈ ಇಡೀ ಸಾಹಸದಲ್ಲಿ ಯಾರಾದರೂ ಕೇಳಿದ ಬುದ್ಧಿಯ ಪ್ರಶ್ನೆ ಅದೊಂದೇ.

ಕೊನೆಯ ಹಾಡಿನಲ್ಲಿ ನನ್ನ ಕೂಗು ಇತ್ತು. “ಮಾಮಾ, ಉಳ್ಳಾಗಡ್ಡಿ ಅನ್ನೂ ಕಡೆ ಆಲ್ಬಮ್ ಅನ್ರಿ, ಸಾಕು” ಎಂದಿದ್ದ ಮಂಜು. ಬಿಡುಗಡೆಯ ದಿನ ಅದನ್ನೇ ವೇದಿಕೆಯ ಮೇಲೆ ಕೂಗಬೇಕಿತ್ತು. ಸಭಾಂಗಣ ಖಾಲಿ ಉಳಿಯಬಾರದೆಂದು ಮಾರ್ಕೆಟ್ಟಿನ ವ್ಯಾಪಾರಿಗಳನ್ನೆಲ್ಲ ನಾನೇ ಕರೆತಂದೆ. ಭಾವನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದೆ.

ಕೂಗಲು ಶುರು ಮಾಡಿದೆ. ಹಾಡು ಕೇಳಲು ಬಂದಿದ್ದ ಕಾಲೇಜಿನ ಹುಡುಗರು ಕೈ ಎತ್ತಿ ತೂಗತೊಡಗಿದರು. ರ‍್ಯಾಪ್ ಕೇಳುವವರು ಹಾಗೆ ಮಾಡುತ್ತಾರಂತೆ. ನನ್ನ ಕಸುಬಿನಲ್ಲಿ ಎತ್ತಿದ ಕೈಗೆ ಒಂದೇ ಅರ್ಥ: ರೇಟು ಏರಿತು. ಏರಿಸಿದೆ. ಅವರು ಹುರುಪಿನಿಂದ ಇನ್ನೂ ಎತ್ತಿದರು. ನಾನು ಇನ್ನೂ ಏರಿಸಿದೆ. ಕೈ ಮೇಲಿರುವಾಗ ಲಿಲಾವು ಮುಗಿಸುವುದು ಅಧರ್ಮ. ಸಂಗೀತ ನಿಂತಿತು, ನಾನು ನಿಲ್ಲಲಿಲ್ಲ. ಸಾಕೆಂದು ಮಂಜು ಕೈ ಎತ್ತಿದ. ಅದಕ್ಕೂ ಏರಿಸಿದೆ!

ಹುಡುಗರ ತೋಳು ಸೋತು ಕೈಗಳು ಒಂದೊಂದಾಗಿ ಇಳಿದವು. ಕೊನೆಗೆ ಒಂದೇ ಕೈ ಉಳಿಯಿತು. ನನ್ನ ಬಾಯಿ ಮುಚ್ಚಿಸಲು ಭಾವ ಎತ್ತಿದ ಕೈ ಅದು. ಮೂರು ಸಲ ಕೂಗಿ ಆಲ್ಬಮ್ಮನ್ನು ಅವರ ಹೆಸರಿಗೆ ಬಿಟ್ಟುಬಿಟ್ಟೆ.

ವ್ಯಾಪಾರಿಗಳೆಲ್ಲ ಭಾವನ ಕಡೆ ತಿರುಗಿದರು. ಮೂರು ಸಲ ಕೂಗಿದ ಮಾಲನ್ನು ಒಲ್ಲೆ ಎಂದವನ ಜೊತೆ ಮಾರನೇ ದಿನ ಯಾರೂ ವ್ಯವಹಾರ ಮಾಡುವುದಿಲ್ಲ. ಮಗನ ಹಾಡು ಹೇಗಾದರೂ ಇರಲಿ, ಮಾರ್ಕೆಟ್ಟಿನಲ್ಲಿ ತಮ್ಮ ಮಾತು ಉಳಿಯಬೇಕಲ್ಲ. ಭಾವ ಎದ್ದು ನಿಂತರು.

“ತಗೊಂಡೇನಿ” ಎಂದರು. ಆಮೇಲೆ ನನ್ನ ಕಡೆ ನೋಡಿ, “ನೀ ಮನಿಗೆ ಬಾ” ಎಂದರು.

ಕೊಂಡ ಮಾಲನ್ನು ಗೋದಾಮಿನಲ್ಲಿ ಕೊಳೆಸುವವರಲ್ಲ ನಮ್ಮ ಭಾವ. ಈಗ ಪ್ರತಿ ಲಾರಿ ಡ್ರೈವರಿನ ಮೊಬೈಲಿಗೆ ಆಲ್ಬಮ್ ಹಾಕಿಸಿಯೇ ಲೋಡು ಬಿಡುತ್ತಾರೆ. ಹಾಡು ಸೊಲ್ಲಾಪುರ ದಾಟಿದೆ. ಅಂಗಡಿಯಲ್ಲಿ ಕೂಡುವ ಮಾತು ಸದ್ಯಕ್ಕೆ ಯಾರೂ ಎತ್ತುತ್ತಿಲ್ಲ. ಮಂಜು ಮೂರನೆಯದನ್ನು ಬರೆಯುತ್ತಿದ್ದಾನೆ.

ಆದರೆ ಆರಿಸದೆ ಮಾಲು ಕಳಿಸುವ ರೂಢಿ ಭಾವನಿಗಿಲ್ಲ. ಮೊದಲು ಕುಳಿತು ಪೂರ್ತಿ ಕೇಳಿದರು. “ಮಾಲ್ ಛಲೋ ಐತಿ. ಕೊಳತದ್ದು ಒಂದ ಇತ್ತು, ತಗದ ಒಗದೇನಿ” ಎಂದರು.

ಕೊನೆಯ ಹಾಡು ಈಗ ಆಲ್ಬಮ್ಮಿನಲ್ಲಿಲ್ಲ.

“ಆರಿಸಿ ಒಗದ ಉಳ್ಳಾಗಡ್ಡಿ ದನಾನರ ತಿಂತಾವು,” ಎಂದಳು ಹೆಂಡತಿ. “ನಿಮ್ಮ ಹಾಡು ಯಾರಿಗೆ ಹಾಕೂದ್ರಿ?”

ನಾನು ಕೈ ಎತ್ತಲೇ ಇಲ್ಲ.